ಜೇನಿನ ದೂರು ಬಂದಾಗ: ಯಾವ ಜೇನು, ಯಾವ ಮಾಸ?



ಗ್ರಾಮ ಪಂಚಾಯಿತಿಯ ದೂರು ವಹಿಯಲ್ಲಿ ಬೀದಿದೀಪ, ಚರಂಡಿ, ಕುಡಿಯುವ ನೀರು ಇವುಗಳ ನಡುವೆ ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಕಾಣಿಸಿಕೊಳ್ಳುವ ಒಂದು ನಮೂದು ಇದೆ: "ಇಂಥ ಸ್ಥಳದಲ್ಲಿ ಜೇನು ಕಟ್ಟಿದೆ, ತಕ್ಷಣ ತೆಗೆಸಬೇಕು." ಆ ಒಂದು ಸಾಲಿಗೆ ನಾವು ಕೊಡುತ್ತ ಬಂದಿರುವ ಉತ್ತರವೂ ಒಂದೇ. ಊರಿನಲ್ಲಿ ಧೈರ್ಯವುಳ್ಳವನೊಬ್ಬನನ್ನು ಹುಡುಕಿ, ಕತ್ತಲಾದ ಮೇಲೆ ಸೂಡಿ ಹಿಡಿಸಿ, ಸುಡಿಸುವುದು.

ಆ ಉತ್ತರವನ್ನು ನಾನೂ ಒಮ್ಮೆ ಕೊಟ್ಟಿದ್ದೇನೆ. ಸೇವೆಗೆ ಸೇರಿದ ಎರಡನೆಯ ವರ್ಷ, ಘಟ್ಟದ ಪೂರ್ವದ ಅಂಚಿನ ಒಂದು ಪಂಚಾಯಿತಿಯಲ್ಲಿದ್ದೆ. ಜನವರಿ ತಿಂಗಳು. ಪ್ರಾಥಮಿಕ ಶಾಲೆಗೆ ತಾಗಿಕೊಂಡಿದ್ದ ಓವರ್‌ಹೆಡ್ ಟ್ಯಾಂಕಿನ ತಳದ ಸ್ಲ್ಯಾಬಿಗೆ ಹೆಜ್ಜೇನು ಕಟ್ಟಿತ್ತು. ಕ್ಲೋರಿನ್ ಹಾಕಲು ನೀರುಗಂಟಿ ಮೇಲೇರಲು ಒಪ್ಪುತ್ತಿರಲಿಲ್ಲ; ಪಾಲಕರು ಕಚೇರಿಗೆ ಬಂದು ಕುಳಿತಿದ್ದರು. ಯಾರನ್ನೂ ವಿಚಾರಿಸದೆ ನಾನು ಮೌಖಿಕವಾಗಿ ಒಪ್ಪಿಗೆ ನೀಡಿದೆ. ರಾತ್ರಿ ಜೇನು ಹಾರುವುದಿಲ್ಲವೆಂಬುದು ನನ್ನ ತಿಳಿವಳಿಕೆಯಾಗಿತ್ತು. ಹುಣ್ಣಿಮೆಗೆ ಎರಡೇ ದಿನವಿದ್ದ ಆ ರಾತ್ರಿ, ಬೆಂಕಿ ತಾಗಿದೊಡನೆ ನೊಣಗಳು ಬೀದಿದೀಪಗಳತ್ತ, ಬೆಳಕಿದ್ದ ಮನೆಗಳ ಕಿಟಕಿಗಳತ್ತ ನುಗ್ಗಿದವು. ಬೆಳಗಾದಾಗ ಅರೆಸುಟ್ಟ ನೊಣಗಳು ಶಾಲೆಯ ಜಗಲಿಯ ಮೇಲೆ ತೆವಳುತ್ತಿದ್ದವು. ಬದುಕುಳಿದವು ಟ್ಯಾಂಕನ್ನು ಸುತ್ತುತ್ತಿದ್ದವು. ಬಿಸಿಯೂಟದ ಸಹಾಯಕಿಗೂ ನೀರುಗಂಟಿಗೂ ಹೊಡೆದವು. ನೀರುಗಂಟಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ತಿಂಗಳು ಕಳೆಯುವುದರೊಳಗೆ ಅದೇ ಸ್ಲ್ಯಾಬಿಗೆ ಇನ್ನೊಂದು ಹಿಂಡು ಬಂದು ಕುಳಿತಿತು.

ಎಂಜಿನಿಯರಿಂಗ್ ಓದಿದ್ದ ನನಗೆ ಆ ಟ್ಯಾಂಕಿನ ಕಂಬಗಳ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಲು ಬರುತ್ತಿತ್ತು. ಅಲ್ಲಿ ಕುಳಿತಿರುವುದು ಯಾವ ಜೇನು, ಅದು ಎಂದು ಬಂತು, ಎಂದು ಹೋಗುತ್ತದೆ ಎಂಬುದು ತಿಳಿದಿರಲಿಲ್ಲ. ಆ ನೀರುಗಂಟಿಗೆ ತಿಳಿದಿತ್ತು. ಆದರೆ ನಾನು ಅವರನ್ನು ಕೇಳಿರಲಿಲ್ಲ. ಜೇನಿನ ದೂರು ಬಂದಾಗ ಸದಸ್ಯರು ಮೊದಲು ಕೇಳಬೇಕಾದವು ಈ ಎರಡೇ ಪ್ರಶ್ನೆಗಳು: ಬಗೆ ಯಾವುದು, ಋತು ಯಾವುದು. ಮುಂದಿನ ಕ್ರಮವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಬಗೆ

ನಮ್ಮ ಉತ್ತರ ಕನ್ನಡದ ಹಳ್ಳಿಗಳಲ್ಲಿ ಸ್ಥಳೀಯವಾಗಿ ನಾಲ್ಕು ಬಗೆಯ ಜೇನು ಕಾಣಸಿಗುತ್ತದೆ. ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಕಪ್ಪು ಮೇಣದ ಸಣ್ಣ ಕೊಳವೆಯಂಥ ಬಾಯಿ ಮಾಡಿಕೊಂಡು ಇರುವುದು ಮಿಸ್ರಿ. ಕರಾವಳಿಯ ಕೆಳಭಾಗದಲ್ಲಿ ಇದನ್ನೇ ಮುಜಂಟಿ ಎನ್ನುತ್ತಾರೆ. ಇದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಇದರ ವಿರುದ್ಧ ದೂರು ಬಂದರೆ ದೂರುದಾರರಿಗೆ ವಿಷಯ ತಿಳಿಸುವುದಷ್ಟೇ ಪಂಚಾಯಿತಿಯ ಕೆಲಸ. ಪೊದೆಯ ಕಡ್ಡಿಯ ಸುತ್ತ ಅಂಗೈಯಗಲದ ಒಂದೇ ಎರಿ ಕಟ್ಟುವುದು ಕೋಲುಜೇನು. ಇದೂ ಬಹುಮಟ್ಟಿಗೆ ನಿರುಪದ್ರವಿ.

ಮೂರನೆಯದು ತುಡುವೆ. ಮರದ ಪೊಟರೆ, ಹುತ್ತ, ಹಳೆಯ ಮನೆಯ ಗೋಡೆ, ಖಾಲಿ ಪೆಟ್ಟಿಗೆ, ಮೀಟರ್ ಬೋರ್ಡಿನ ಹಿಂಭಾಗ, ಹೀಗೆ ಕತ್ತಲಿರುವ ಎಡೆಯಲ್ಲಿ ಸಮಾನಾಂತರವಾಗಿ ಹಲವು ಎರಿಗಳನ್ನು ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ನಮ್ಮ ನೆಲದ ಜೇನು ಇದೇ. ನಾಲ್ಕನೆಯದು ಹೆಜ್ಜೇನು. ಎತ್ತರದ ಕೊಂಬೆ, ಬಂಡೆ, ಸೇತುವೆ, ಟ್ಯಾಂಕು, ದೇವಸ್ಥಾನದ ಗೋಪುರ ಇಂಥ ಕಡೆ ಬಯಲಿನಲ್ಲಿಯೇ ಮೊರದಗಲದ ಒಂದು ಎರಿ ಇಳಿಬಿಡುತ್ತದೆ. ಇದು ಪೆಟ್ಟಿಗೆಗೆ ಬರುವ ಜೇನಲ್ಲ. "ಹೆಜ್ಜೇನನ್ನು ಹಿಡಿದು ಬೇರೆಡೆ ಇಡುತ್ತೇವೆ" ಎಂದು ಹಣ ಕೇಳುವವರ ಮಾತನ್ನು ಸದಸ್ಯರು ನಂಬಬಾರದು.

ಪಂಜಾಬಿನಿಂದ ಹಿಡಿದು ನಮ್ಮ ಬಯಲುಸೀಮೆಯ ಸೂರ್ಯಕಾಂತಿ ಹೊಲಗಳವರೆಗೆ ಸಾಕಲಾಗುತ್ತಿರುವ ವಿದೇಶಿ ಜೇನು ಬೇರೆ. ಅದು ಈ ಲೇಖನದ ವಿಷಯವಲ್ಲ.

ಮಳೆಯಿಂದ ಮಳೆಗೆ

ಜೇನಿನ ವರ್ಷ ಯುಗಾದಿಯಿಂದಲೂ ಅಲ್ಲ, ಏಪ್ರಿಲ್ 1ರಿಂದಲೂ ಅಲ್ಲ. ಮಳೆ ಹಿಂದೆ ಸರಿದಲ್ಲಿಂದ ಆರಂಭವಾಗುತ್ತದೆ. ಹಸ್ತ, ಚಿತ್ತೆಯ ಮಳೆಗಳು ಮುಗಿಯುವ ಹೊತ್ತಿಗೆ ಗದ್ದೆಯ ಬದು, ರಸ್ತೆಯ ಅಂಚುಗಳಲ್ಲಿ ಮುಟ್ಟಿದರೆ ಮುನಿಯ ಹೂವು ತುಂಬಿರುತ್ತದೆ. ನಾವು ಕಳೆಯೆಂದು ಕೊಚ್ಚಿಸುವ ಈ ಗಿಡವೇ ಆ ದಿನಗಳಲ್ಲಿ ತುಡುವೆಗೆ ಪರಾಗದ ದೊಡ್ಡ ಆಸರೆ. ಪರಾಗ ಬಂದಂತೆ ರಾಣಿಯ ಮೊಟ್ಟೆ ಹೆಚ್ಚುತ್ತದೆ, ಕುಟುಂಬ ಬೆಳೆಯುತ್ತದೆ. ಬೆಳೆದ ಕುಟುಂಬಕ್ಕೆ ಜಾಗ ಸಾಲದಾದಾಗ ಎರಿಯ ಕೆಳ ಅಂಚಿನಲ್ಲಿ ಹೊಸ ರಾಣಿಯ ಕೋಶಗಳು ಮೂಡುತ್ತವೆ. ಅವು ಬಲಿಯುವ ಹೊತ್ತಿಗೆ ಹಳೆಯ ರಾಣಿ ಅರ್ಧದಷ್ಟು ನೊಣಗಳೊಡನೆ ಹೊರಬೀಳುತ್ತದೆ. ಇದಕ್ಕೆ ಪಾಲಾಗುವುದು ಎನ್ನುತ್ತೇವೆ. ಮನೆ ಪಾಲಾದಾಗ ನಮ್ಮಲ್ಲಿ ಹಿರಿಯರು ಮೂಲಮನೆಯಲ್ಲಿಯೇ ಉಳಿಯುತ್ತಾರೆ. ಇಲ್ಲಿ ಮೂಲಮನೆ ಮಗಳಿಗೆ, ತಾಯಿಗೆ ವನವಾಸ.

ಅಕ್ಟೋಬರ್‌ನಿಂದ ಜನವರಿಯವರೆಗೆ ಪಂಚಾಯಿತಿಗೆ ಬರುವ "ಕೊಂಬೆಯಲ್ಲಿ ಜೇನು ಗೊಂಚಲಾಗಿ ಕುಳಿತಿದೆ" ಎಂಬ ದೂರುಗಳಲ್ಲಿ ಹೆಚ್ಚಿನವು ಈ ಪಾಲಾದ ತುಡುವೆ ಹಿಂಡುಗಳದು. ಇವುಗಳಿಗೆ ಕಾಯಲು ಎರಿಯಿಲ್ಲ, ಮರಿಯಿಲ್ಲ. ಹೊರಡುವಾಗ ಹೊಟ್ಟೆ ತುಂಬ ಜೇನು ಕುಡಿದಿರುತ್ತವೆ. ಆದುದರಿಂದ ಕೆಣಕದ ಹೊರತು ಹೊಡೆಯುವುದು ಅಪರೂಪ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಹೊಸ ಎಡೆ ಕಂಡುಕೊಂಡು ತಾವಾಗಿಯೇ ಹೋಗುತ್ತವೆ. ಇವನ್ನು ಸುಡಿಸುವುದೆಂದರೆ ಹೊರಡಲು ಚೀಲ ಕಟ್ಟಿ ನಿಂತ ಅತಿಥಿಯನ್ನು ಹೊಡೆದು ಅಟ್ಟಿದಂತೆ.

ಡಿಸೆಂಬರ್ ದಾಟಿದರೆ ಗೇರು, ಮಾವು, ಹಾಲುವಾಣ, ಬೂರಗ. ಮಾರ್ಚ್ ಏಪ್ರಿಲ್‌ನಲ್ಲಿ ನೇರಳೆ, ಕುಂಟನೇರಳೆ, ಹೊಂಗೆ, ಅಳಲೆ. ಇದು ಜೇನು ಕೂಡುವ ಕಾಲ. ಕೊಡಗಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಕಾಫಿ ಅರಳುತ್ತದೆ. ಕರಾವಳಿಯ ರಬ್ಬರ್ ತೋಟಗಳಲ್ಲಿ ಹೊಸ ಚಿಗುರಿನ ತೊಟ್ಟಿನಲ್ಲಿಯೇ ಮಕರಂದ ಒಸರುತ್ತದೆ. ಹಾಗಾಗಿ ಪೆಟ್ಟಿಗೆಗಳನ್ನು ಅಲ್ಲಿಗೆ ಹೊತ್ತೊಯ್ಯುವವರಿದ್ದಾರೆ. ಒಂದು ತುಡುವೆ ಪೆಟ್ಟಿಗೆಯಿಂದ ಒಳ್ಳೆಯ ವರ್ಷದಲ್ಲಿ 5ರಿಂದ 10 ಕೆ.ಜಿ. ತುಪ್ಪ ದೊರೆತರೆ ತೃಪ್ತಿಪಡಬೇಕು. ಏಲಕ್ಕಿ, ಸೌತೆ, ಕುಂಬಳ, ಹಾಗಲಗಳ ಕಾಯಿ ಕಟ್ಟುವಿಕೆಗೆ ಜೇನು ಮಾಡುವ ಉಪಕಾರ ಈ ತೂಕದಲ್ಲಿ ಸೇರಿಲ್ಲ.

ರೋಹಿಣಿ ಮಳೆಯ ಹೊತ್ತಿಗೆ ಈ ಸಮೃದ್ಧಿ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು ಮಲೆನಾಡಿನ ಜೇನಿಗೆ ಬರಗಾಲ. ಹೂವಿದ್ದರೂ ಮಳೆ ಬಿಡುವುದಿಲ್ಲ. ಕೊನೆಯ ಹನಿಯವರೆಗೂ ತುಪ್ಪ ಹಿಂಡಿದ ಪೆಟ್ಟಿಗೆಗಳು ಈ ಅವಧಿಯಲ್ಲಿಯೇ ಖಾಲಿಯಾಗುವುದು. ಸಕ್ಕರೆ ಮತ್ತು ನೀರನ್ನು ಸಮಪಾಲಿನಲ್ಲಿ ಕಾಯಿಸಿ ಆರಿಸಿದ ಪಾಕವನ್ನು ಸಂಜೆಯ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹಗಲಿನಲ್ಲಿಟ್ಟರೆ ಪಕ್ಕದ ಪೆಟ್ಟಿಗೆಯವು ದರೋಡೆಗೆ ಬರುತ್ತವೆ. ನೊಣಗಳು ಮುಚ್ಚಿಕೊಳ್ಳಲಾಗದೆ ಬಿಟ್ಟ ಎರಿಗಳನ್ನು ತೆಗೆಯದಿದ್ದರೆ ಮೇಣದ ಪತಂಗ ಮೊಟ್ಟೆಯಿಟ್ಟು ಬಲೆ ಕಟ್ಟುತ್ತದೆ. ತಳದ ಹಲಗೆಯನ್ನು ವಾರಕ್ಕೊಮ್ಮೆ ಗುಡಿಸುವುದು, ಸ್ಟ್ಯಾಂಡಿನ ಕಾಲಿನ ಬಟ್ಟಲಿನಲ್ಲಿ ಇರುವೆಗೆ ತಡೆಯಾಗಿ ನೀರು ನಿಲ್ಲಿಸುವುದು, ಇಷ್ಟೇ ಆಗ ಸಾಕಣೆಯ ಕೆಲಸ.

ಪೆಟ್ಟಿಗೆ ವಿತರಣೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಕ್ರಿಯಾ ಯೋಜನೆ, ಟೆಂಡರು, ಬಿಲ್ಲುಗಳು ಮಾರ್ಚ್ 31ಕ್ಕೆ ಬಂದು ನಿಲ್ಲುತ್ತವೆ. ಹೀಗಾಗಿ ಪೆಟ್ಟಿಗೆಗಳು ಫಲಾನುಭವಿಗಳ ಕೈ ಸೇರುವುದು ಮೇ ತಿಂಗಳಲ್ಲಿ. ಅದರೊಳಗಿನ ಕುಟುಂಬ ಎದುರಿಸುವ ಮೊದಲ ಪರೀಕ್ಷೆಯೇ ಆರಿದ್ರೆಯ ಮಳೆ. ನಾನು ಕಂಡ ಒಂದು ವಿತರಣೆಯಲ್ಲಿ ದೀಪಾವಳಿಯ ವೇಳೆಗೆ ಹೆಚ್ಚಿನ ಪೆಟ್ಟಿಗೆಗಳು ಕೋಳಿ ಕಾವಿಗೆ ಕೂರುವ ಗೂಡುಗಳಾಗಿದ್ದವು. ಫಲಾನುಭವಿಗಳ ಆಸಕ್ತಿಯ ಕೊರತೆ ಎಂದು ವರದಿ ಬರೆದೆವು. ತರಬೇತಿಯನ್ನು ಆಗಸ್ಟ್‌ನಲ್ಲಿ ಮುಗಿಸಿ, ಕುಟುಂಬ ಸಹಿತ ಪೆಟ್ಟಿಗೆಯನ್ನು ಅಕ್ಟೋಬರ್‌ನಲ್ಲಿ ಕೊಡುವಂತೆ ತೋಟಗಾರಿಕೆ ಇಲಾಖೆಯವರೊಡನೆ ಮೊದಲೇ ಮಾತನಾಡಿ ಯೋಜನೆಯಲ್ಲಿ ತಿಂಗಳನ್ನೇ ನಮೂದಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ. ಪೆಟ್ಟಿಗೆಯ ಚೌಕಟ್ಟುಗಳ ನಡುವಿನ ಅಂತರವನ್ನೂ ಅಳೆದು ನೋಡಿರಿ. ನೊಣ ಓಡಾಡುವಷ್ಟೇ ಸಂದು ಇರಬೇಕು. ಹೆಚ್ಚಾದರೆ ಅಡ್ಡಾದಿಡ್ಡಿ ಎರಿ ಕಟ್ಟಿ ಚೌಕಟ್ಟನ್ನು ಎತ್ತಲಾಗದಂತೆ ಬೆಸೆಯುತ್ತವೆ.

ತುಡುವೆಯ ಸ್ಥಳಾಂತರ

ಗೋಡೆ ಕೆಡವಬೇಕಾಗಿದೆ, ಮರ ಉರುಳಿದೆ, ಅಂಗನವಾಡಿಯ ಕಪಾಟಿನಲ್ಲಿ ಕುಳಿತಿದೆ ಎಂಬಂಥ ನಿಜವಾದ ಕಾರಣವಿದ್ದಾಗ ತುಡುವೆಯನ್ನು ಪೆಟ್ಟಿಗೆಗೆ ಇಳಿಸಬಹುದು. ಇದನ್ನು ಸದಸ್ಯರೇ ಮಾಡಬೇಕೆಂದಲ್ಲ. ಅನುಭವವುಳ್ಳ ಸಾಕಣೆದಾರರು ಪ್ರತಿ ಹೋಬಳಿಯಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನಿಂತು ನೋಡುವವರಿಗೆ ಕ್ರಮ ತಿಳಿದಿರಬೇಕು.

ಸಂಜೆ ನಾಲ್ಕರ ಅನಂತರ, ಮಳೆಯಿಲ್ಲದ ದಿನ ಆರಂಭಿಸಬೇಕು. ಹೊಗೆ ತಿದಿಯಲ್ಲಿ ತೆಂಗಿನ ನಾರು ಹಾಕಿ ತಣ್ಣನೆಯ ಹೊಗೆಯನ್ನು ಸ್ವಲ್ಪವೇ ಕೊಡಬೇಕು. ಬಾಯಿ ಅಗಲಿಸಿ, ಎರಿಗಳನ್ನು ಒಂದೊಂದಾಗಿ ಬುಡದಿಂದ ಕತ್ತರಿಸಿ ತೆಗೆಯಬೇಕು. ಮರಿಯಿರುವ ಎರಿಯನ್ನು ಮೊದಲಿದ್ದಂತೆಯೇ ಮೇಲುಭಾಗ ಮೇಲಾಗಿ ಚೌಕಟ್ಟಿಗೆ ಹೊಂದಿಸಿ ಬಾಳೆನಾರಿನಿಂದ ಕಟ್ಟುವುದು ನಮ್ಮವರ ರೂಢಿ. ಕೆಲವೇ ದಿನಗಳಲ್ಲಿ ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆದು, ನಾರನ್ನು ಕಚ್ಚಿ ಕಚ್ಚಿ ಹೊರಗೆ ಎಸೆಯುತ್ತವೆ. ತುಪ್ಪದ ಎರಿಯನ್ನು ಪೆಟ್ಟಿಗೆಗೆ ಕಟ್ಟಬಾರದು. ಅದು ಹರಿದು ಸುರಿದರೆ ಇರುವೆ ಬರುತ್ತದೆ, ನೊಣ ಮುಳುಗಿ ಸಾಯುತ್ತದೆ.

ರಾಣಿ ಪೆಟ್ಟಿಗೆಯೊಳಗೆ ಬಂದಿತೇ ಎಂಬುದೇ ಮುಖ್ಯ ಪ್ರಶ್ನೆ. ಬಂದಿದ್ದರೆ ಉಳಿದವು ಬಾಗಿಲಲ್ಲಿ ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತ ಇತರರನ್ನು ಕರೆಯುತ್ತವೆ. ಹೊರಗಿದ್ದವು ಸಾಲುಗಟ್ಟಿ ಒಳಗೆ ನಡೆಯುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಸೂಡಿಯ ಮಾತೆತ್ತುವುದಿಲ್ಲವೆಂಬುದು ನನ್ನ ಅನುಭವ. ರಾಣಿ ಹೊರಹೋಗದಂತೆ ಬಾಗಿಲಿಗೆ ತಡೆಪಟ್ಟಿಯನ್ನು ಮೂರು ನಾಲ್ಕು ದಿನ ಇಡುವುದುಂಟು. ಆದರೆ ಹಿಂಡಿನಲ್ಲಿರುವುದು ಇನ್ನೂ ಗಂಡುನೊಣಗಳನ್ನು ಕೂಡದ ಎಳೆಯ ರಾಣಿಯಾಗಿದ್ದರೆ ಆ ತಡೆಯೇ ಕುಟುಂಬವನ್ನು ಹಾಳು ಮಾಡುತ್ತದೆ.

ಕತ್ತಲಾಗುವವರೆಗೆ ಪೆಟ್ಟಿಗೆಯನ್ನು ಅಲ್ಲಿಯೇ ಬಿಡಬೇಕು. ಮೇವಿಗೆ ಹೋದವು ಮರಳಲಿ. ಅನಂತರ ಬಾಗಿಲು ಮುಚ್ಚಿ, ಗಾಳಿಯಾಡಲು ಬಲೆ ಬಿಟ್ಟು, ಎರಡು ಮೂರು ಕಿ.ಮೀ. ಆಚೆಗೆ ಸಾಗಿಸಬೇಕು. ನೊಣಕ್ಕೆ ತನ್ನ ಮನೆಯ ನೆನಪೆಂದರೆ ಸ್ಥಳದ ನೆನಪು. ಒಂದೇ ಕೇರಿಯಲ್ಲಿ ನೂರು ಮೀಟರ್ ಸರಿಸಿದರೆ ಮರುದಿನ ಅಷ್ಟೂ ನೊಣಗಳು ಒಡೆದ ಗೋಡೆಯ ಮುಂದೆ ಬಂದು ಸುತ್ತುತ್ತವೆ, ದೂರು ಇನ್ನೊಮ್ಮೆ ಬರುತ್ತದೆ.

ಎರಿ ಕತ್ತರಿಸುವಾಗ ಮರಿಗಳನ್ನು ಗಮನಿಸಬೇಕು. ಸತ್ತ ಮರಿ ನೀರು ತುಂಬಿದ ಚೀಲದಂತೆ ಕೋಶದೊಳಗೆ ತಲೆಯೆತ್ತಿ ನಿಂತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನು ಬಹುತೇಕ ನೆಲಸಮ ಮಾಡಿದ್ದು ಇದೇ. ಕೊಡಗು, ದಕ್ಷಿಣ ಕನ್ನಡ ಹಾಗೂ ನಮ್ಮ ಜಿಲ್ಲೆಯ ಅನೇಕ ಮನೆಗಳ ಅಟ್ಟದಲ್ಲಿ ಅಂದಿನ ಖಾಲಿ ಪೆಟ್ಟಿಗೆಗಳು ಇಂದಿಗೂ ಇವೆ. ಮನುಷ್ಯರಿಗೆ ಇದು ತಗಲದು. ಆದರೆ ಅಂಥ ಕುಟುಂಬವನ್ನು ಬೇರೆ ಪೆಟ್ಟಿಗೆಗಳಿರುವ ಕಡೆಗೆ ಒಯ್ದರೆ ರೋಗವನ್ನೇ ಸ್ಥಳಾಂತರಿಸಿದಂತಾಗುತ್ತದೆ.

ಹೆಜ್ಜೇನು

ಹೆಜ್ಜೇನು ವಲಸೆ ಬರುವ ಜೇನು. ಸಾಮಾನ್ಯವಾಗಿ ಮಳೆ ಕಳೆದ ಮೇಲೆ ಬಂದು, ಹೂವಿನ ಕಾಲ ಕಳೆದು, ಮುಂಗಾರಿನ ಸುಮಾರಿಗೆ ಎರಿ ಬಿಟ್ಟು ಹೋಗುತ್ತದೆ. ಮುಂದಿನ ವರ್ಷ ಅದೇ ಕೊಂಬೆಗೆ, ಅದೇ ಸ್ಲ್ಯಾಬಿಗೆ ಮರಳುವುದು ಇದರ ಸ್ವಭಾವ. ಪ್ರಯಾಣದ ನಡುವೆ ವಿಶ್ರಾಂತಿಗೆಂದು ಮರದಲ್ಲಿ ಎರಿಯಿಲ್ಲದೆ ಗೊಂಚಲಾಗಿ ಕೆಲವು ದಿನ ತಂಗುವುದೂ ಉಂಟು. ಇವಕ್ಕೆ ಕಾಯುವುದೇ ಪರಿಹಾರ. ಕೆಳಗೆ ಹಗ್ಗ ಕಟ್ಟಿ, ಫಲಕ ಹಾಕಿ, ದಾರಿಯನ್ನು ಬೇರೆಡೆಗೆ ತಿರುಗಿಸಿದರೆ ಸಾಕು.

ಹೆಜ್ಜೇನು ಏಳುವುದಕ್ಕೆ ಕಾರಣಗಳು ಬಹುಪಾಲು ನಮ್ಮವೇ: ಕಲ್ಲೆಸೆತ, ಪಟಾಕಿ, ಕೆಳಗೆ ಕಸಕ್ಕೆ ಹಾಕಿದ ಬೆಂಕಿ, ಅಡುಗೆಯ ಹೊಗೆ, ಈಚೆಗೆ ಮದುವೆ ಜಾತ್ರೆಗಳಲ್ಲಿ ಹಾರಿಸುವ ಡ್ರೋನ್. ಜೇನುಗಿಡುಗ ಎರಗಿ ಎಬ್ಬಿಸುವುದೂ ಇದೆ. ಒಂದು ನೊಣ ಚುಚ್ಚಿದೊಡನೆ ಮುಳ್ಳಿನೊಂದಿಗೆ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಉಳಿದವಕ್ಕೆ ಅದೇ ಕರೆ. ಆದುದರಿಂದ ನಿಂತು ಕೈಬೀಸುವುದಕ್ಕಿಂತ ಮುಖ ಮುಚ್ಚಿಕೊಂಡು ಓಡಿ ಬಾಗಿಲು ಹಾಕಬಹುದಾದ ಕೋಣೆ ಅಥವಾ ವಾಹನ ಸೇರಬೇಕು. ಕೆರೆಗೆ ಹಾರಬಾರದು, ತಲೆಯೆತ್ತುವುದನ್ನೇ ಕಾದು ಮೇಲೆ ಸುತ್ತುತ್ತವೆ. ಮುಳ್ಳನ್ನು ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ತಡಮಾಡದೆ ಕೆರೆದು ತೆಗೆಯಬೇಕು. ಉಸಿರು ಕಟ್ಟುವುದು, ತುಟಿ ನಾಲಗೆ ಊದುವುದು, ಮೈಯೆಲ್ಲ ದದ್ದು, ವಾಂತಿ, ತಲೆಸುತ್ತು ಕಂಡರೆ ಒಂದೇ ಕಡಿತವಾಗಿದ್ದರೂ 108ಕ್ಕೆ ಕರೆ ಮಾಡಬೇಕು. ಹತ್ತಾರು ಕಡಿತಗಳಾಗಿದ್ದರೆ ವ್ಯಕ್ತಿ ಆರೋಗ್ಯವಾಗಿ ಕಂಡರೂ ಆಸ್ಪತ್ರೆಗೆ ಕಳುಹಿಸಬೇಕು. ವಿಷ ಹೆಚ್ಚಾದಲ್ಲಿ ಮೂತ್ರಪಿಂಡಕ್ಕೆ ತೊಂದರೆ ತಡವಾಗಿ ಕಾಣಿಸಿಕೊಳ್ಳಬಹುದು. ಅರಿಶಿನ, ಸುಣ್ಣ ಹಚ್ಚಿ ಕೂರಿಸುವ ಹೊತ್ತಲ್ಲ ಅದು.

ತೆರವುಗೊಳಿಸಲೇಬೇಕಾದ ಸಂದರ್ಭಗಳೂ ಇವೆ. ಮುಚ್ಚಲಾಗದ ಆರೋಗ್ಯ ಕೇಂದ್ರ, ದಿನವೂ ಮೇಲೇರಲೇಬೇಕಾದ ನೀರಿನ ಟ್ಯಾಂಕು ಅಂಥವು. ಆಗ ಪೂರ್ಣ ರಕ್ಷಣಾ ಉಡುಪುಳ್ಳ, ಪಳಗಿದ ತಂಡವೇ ಬೇಕು. ಹೆಜ್ಜೇನು ಬೆಳದಿಂಗಳಿನಲ್ಲಿ ಮೇವಿಗೂ ಹೋಗಬಲ್ಲ ಜೇನು. ಆದಕಾರಣ ಅಮಾವಾಸ್ಯೆಯ ಹಿಂದುಮುಂದಿನ ಕತ್ತಲ ರಾತ್ರಿಯನ್ನೇ ಆರಿಸಬೇಕು. ಕಾಡಿನಲ್ಲಿ ಹೆಜ್ಜೇನು ಕೀಳುವ ಜೇನುಕುರುಬರು ಕತ್ತಲ ರಾತ್ರಿಗಳನ್ನು ನೋಡಿಕೊಳ್ಳುತ್ತಿದ್ದುದು ಇದಕ್ಕಾಗಿಯೇ. ಸುತ್ತಲಿನ ಬೀದಿದೀಪಗಳನ್ನು ಆರಿಸಬೇಕು, ಮನೆಗಳಿಗೆ ಹಿಂದಿನ ದಿನವೇ ತಿಳಿಸಿ ಕಿಟಕಿ ಮುಚ್ಚಿಸಬೇಕು, ಮರುದಿನ ಶಾಲೆಗೆ ರಜೆ ಇರಬೇಕು. ಹೊಗೆಯಿಂದ ನೊಣಗಳನ್ನು ಸರಿಸಿ ಎರಿಯನ್ನು ತೆಗೆದರೆ ಹಿಂಡು ಕೆಲದಿನ ಅಲ್ಲಿಯೇ ತೂಗಾಡಿ ಬಳಿಕ ಹೊರಡುತ್ತದೆ. ಆ ದಿನಗಳಲ್ಲಿಯೂ ಕಾವಲು ಬೇಕು. ಕೀಟನಾಶಕ ಸಿಂಪಡಿಸುವುದು, ಅದರಲ್ಲಿಯೂ ಕುಡಿಯುವ ನೀರಿನ ಟ್ಯಾಂಕಿನ ಮೇಲೆ, ಯಾವ ಕಾರಣಕ್ಕೂ ಸಲ್ಲದು. ಸ್ಥಳ ಅರಣ್ಯದ ವ್ಯಾಪ್ತಿಯಲ್ಲಿದ್ದರೆ ಅರಣ್ಯ ಇಲಾಖೆಯ ಗಮನಕ್ಕೆ ತಾರದೆ ಮುಟ್ಟಬಾರದು.

ಆ ಟ್ಯಾಂಕಿನ ಕಥೆಯ ಉಳಿದ ಭಾಗ ಇಷ್ಟು. ಎರಡನೆಯ ಬಾರಿ ಬಂದ ಹಿಂಡನ್ನು ನಾವು ಮುಟ್ಟಲಿಲ್ಲ. ಶಾಲೆಯ ಆಟವನ್ನು ಹಿಂಬದಿಯ ಗದ್ದೆಗೆ ಸ್ಥಳಾಂತರಿಸಿದೆವು. ನೆಲಮಟ್ಟದ ಸಂಪಿನಲ್ಲಿಯೇ ಕ್ಲೋರಿನ್ ಬೆರೆಸುವ ವ್ಯವಸ್ಥೆ ಮಾಡಿದೆವು. ಜೂನ್ ಮೊದಲ ವಾರ ಹಿಂಡು ತಾನಾಗಿ ಹೋಯಿತು. ಅದು ಹೋದ ಮೇಲೆ ಹಳೆಯ ಮೇಣವನ್ನು ಪೂರ್ತಿ ಕೆರೆಸಿ ತೊಳೆಸಿದೆವು, ಏಕೆಂದರೆ ಉಳಿದ ಮೇಣದ ವಾಸನೆ ಹೊಸ ಹಿಂಡನ್ನು ಕರೆಯುತ್ತದೆ. ಸ್ಲ್ಯಾಬಿನ ಅಡಿಗೆ ತಂತಿ ಬಲೆ ಬಿಗಿಸಿ, ಏಣಿಯನ್ನು ಎದುರು ಬದಿಗೆ ಬದಲಿಸಿದೆವು. ಬಲೆಗೂ ಏಣಿಗೂ ಆದ ಖರ್ಚನ್ನು ನೀರು ಸರಬರಾಜು ನಿರ್ವಹಣೆಯ ಲೆಕ್ಕದಲ್ಲಿ ಭರಿಸಿದೆವು.

ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ತನ್ನ ದಾಖಲಾತಿಯಲ್ಲಿ ಹೆಜ್ಜೇನು ಮರಳಿ ಮರಳಿ ಕಟ್ಟುವ ಮರ, ಬಂಡೆ, ಕಟ್ಟಡಗಳನ್ನು ಗುರುತಿಸಿಟ್ಟರೆ, ಜಾತ್ರೆಯ ಚಪ್ಪರ ಎಲ್ಲಿ ಹಾಕಬೇಕು, ಟ್ಯಾಂಕು ತೊಳೆಯುವ ಕೆಲಸವನ್ನು ಯಾವ ತಿಂಗಳಿಗೆ ಇಡಬೇಕು ಎಂಬುದನ್ನು ಮೊದಲೇ ನಿರ್ಧರಿಸಬಹುದು. ಮರಗಳ ವಾರ್ಷಿಕ ನೆಡುವಿಕೆಯಲ್ಲಿ ಅಕೇಶಿಯದ ಬದಲು ನೇರಳೆ, ಹೊಂಗೆ, ಅಳಲೆಗಳಿಗೆ ಒಂದು ಪಾಲು ಕೇಳಬಹುದು. ಗದ್ದೆ ತರಕಾರಿಗೆ ಔಷಧ ಹೊಡೆಯುವವರು ಬೆಳಗಿನ ಹೊತ್ತು ಬಿಟ್ಟು ಸಂಜೆ ಹೊಡೆಯುವಂತೆ ವಾರ್ಡ್ ಸಭೆಯಲ್ಲಿ ಹೇಳಬಹುದು.

ನಾನು ಈಗ ಇರುವ ಪಂಚಾಯಿತಿಯಲ್ಲಿ ದೂರು ವಹಿಯ ಜೇನಿನ ನಮೂದಿಗೆ ಮೂರು ಅಂಕಣ ಸೇರಿಸಿದ್ದೇವೆ: ಎರಿ ಇದೆಯೇ ಅಥವಾ ಬರಿಯ ಗೊಂಚಲೇ, ಒಳಗಿದೆಯೇ ಬಯಲಿನಲ್ಲಿದೆಯೇ, ಬಂದು ಎಷ್ಟು ದಿನವಾಯಿತು. ಕಚೇರಿಯ ಸೂಚನಾ ಫಲಕದಲ್ಲಿ ತುಡುವೆ ಇಳಿಸಬಲ್ಲ ಇಬ್ಬರು ಸಾಕಣೆದಾರರ ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಬರೆಸಿದ್ದೇವೆ. ಅವರಲ್ಲಿ ಒಬ್ಬರು ಹೆಣ್ಣುಮಗಳು. ಇಳಿಸಿದ ಕುಟುಂಬವನ್ನು ತಾವೇ ಒಯ್ಯುವ ಷರತ್ತಿನ ಮೇಲೆ ಕೂಲಿ ಪಡೆಯುವುದಿಲ್ಲ.